ಅಂಗಳದ ಎರಡನೇ ಕುರ್ಚಿ

ದೆಲ್ಫಿನೊ ಒಲ್ವೆರಾನ ಕೈಗಳು ಗಿಡ್ಡ. ಅಂಗಡಿಯಲ್ಲಿ ಕೊಂಡ ಅಂಗಿ ಯಾವುದೇ ಇರಲಿ, ತೋಳು ಬೆರಳ ತುದಿ ದಾಟಿ ಜೋಲುತ್ತಿತ್ತು. ಅವನ ತಾಯಿ ದೋನ್ಯಾ ಕೂಕಾ ಪ್ರತಿ ಅಂಗಿಯ ತೋಳನ್ನೂ ಕತ್ತರಿಸಿ ಹೊಲಿದುಕೊಟ್ಟು, ಉಳಿದ ತುಂಡಿನಲ್ಲಿ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿಕೊಳ್ಳುತ್ತಿದ್ದಳು. ಎತ್ತರವಾದರೂ ಕೈಹಿಡಿಯಿತೇ ಎಂದರೆ ಅದೂ ಇಲ್ಲ. ಇಂಥ ಮೈಕಟ್ಟು ಇಟ್ಟುಕೊಂಡು ಬಾಕ್ಸಿಂಗ್ ಆಡುತ್ತೇನೆಂದು ಹೊರಟವನಿಗೆ ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಪುಣ್ಯಾತ್ಮರು ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದರು. ಆದರೆ ಇದು ಮೆಕ್ಸಿಕೊ ನಗರದ ತೆಪಿತೊ. ಗಂಡುಮಗು ಹುಟ್ಟಿದರೆ ಮೂಗು ಯಾರ ಹಾಗಿದೆ ಎಂದು ನೋಡುವ ಮೊದಲು ಮುಷ್ಟಿ ಹೇಗಿದೆ ಎಂದು ನೋಡುವ ಜನ ನಾವು.

ಅದರಲ್ಲೂ ಅವನು ಕಂಬ ಚೆಂಚೊನ ಮಗ. ಚೆಂಚೊ ತನ್ನ ಕಾಲದಲ್ಲಿ ರಿಂಗಿನ ನಟ್ಟನಡುವೆ ಕಾಲೂರಿ ನಿಂತನೆಂದರೆ ಮುಗಿಯಿತು, ಹಿಂದಕ್ಕೆ ಹೆಜ್ಜೆ ಇಡುವುದು ಹೇಗೆಂದೇ ಅವನಿಗೆ ಗೊತ್ತಿರಲಿಲ್ಲ. ಒಂದು ತಿಂದು ಎರಡು ಕೊಡುವುದು, ಎರಡು ತಿಂದು ಮೂರು ಕೊಡುವುದು, ಅವನ ವಿದ್ಯೆ ಅಷ್ಟೇ. ಅದಕ್ಕೇ ಕಂಬ ಎಂದು ಹೆಸರು ಬಿತ್ತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಆಟ ಮನಸ್ಸಿಗೆ ಬಂದರೆ, ಇಬ್ಬರೂ ಜಗ್ಗದೆ ಎದೆಗೆ ಎದೆ ಕೊಟ್ಟು ಬಡಿದಾಡಿದರೆ, ಗೆದ್ದವರು ಯಾರು ಸೋತವರು ಯಾರು ಎಂದು ನೋಡದೆ ಜನ ಜೇಬಿಗೆ ಕೈಹಾಕಿ ರಿಂಗಿಗೆ ಕಾಸು ಎಸೆಯುತ್ತಾರೆ. ಚೆಂಚೊ ಆಡಿದ ದಿನ ಕಾಸಿನ ಮಳೆಯೇ ಸುರಿಯುತ್ತಿತ್ತು. ಹೊಸದಾಗಿ ಮದುವೆಯಾಗಿದ್ದ ಕೂಕಾ ರಿಂಗಿನ ಕೆಳಗೆ ಶಾಲು ಹರಡಿಕೊಂಡು, ಹಗ್ಗದಾಚೆಯಿಂದ ಉರುಳಿ ಬಂದದ್ದನ್ನೆಲ್ಲ ನಗುನಗುತ್ತಾ ತುಂಬಿಕೊಳ್ಳುತ್ತಿದ್ದಳು.

ಆ ಕಾಸು ಎಂದೋ ಕರಗಿತು. ಉಳಿದದ್ದು ವಠಾರದ ಅಂಗಳದಲ್ಲಿ ನೀರಿನ ತೊಟ್ಟಿಯ ಪಕ್ಕ ಒಂದು ಕುರ್ಚಿ, ಅದರ ಮೇಲೆ ಚೆಂಚೊ. ಐವತ್ತು ತುಂಬುವ ಮೊದಲೇ ಅವನ ಮಾತು ತೊದಲಿ ತೊದಲಿ ನಿಂತುಹೋಗಿತ್ತು. ಮಗನನ್ನು ಕೆಲವು ದಿನ ಗುರುತು ಹಿಡಿಯುತ್ತಿದ್ದ, ಕೆಲವು ದಿನ ಇಲ್ಲ. ಬೆಳಿಗ್ಗೆ ಎದ್ದರೆ ಅಂಗಿಯ ಗುಂಡಿಯನ್ನು ಕೂಕಾಳೇ ಹಾಕಬೇಕು, ಅವನ ಬೆರಳಿಗೆ ಗುಂಡಿ ಎಲ್ಲಿ, ತೂತು ಎಲ್ಲಿ ಎಂಬುದೇ ಮರೆತಿತ್ತು. ಮರೆಯದಿದ್ದದ್ದು ಗಂಟೆ ಒಂದೇ. ಕಸದ ಗಾಡಿಯವನು ಓಣಿಯ ತಿರುವಿನಲ್ಲಿ ಕೈಗಂಟೆ ಅಲ್ಲಾಡಿಸಿದ್ದೇ ತಡ, ಚೆಂಚೊ ಕುರ್ಚಿಯಿಂದೆದ್ದು ಮುಷ್ಟಿ ಕಟ್ಟಿ ನಿಂತುಬಿಡುತ್ತಿದ್ದ. ನೀರು ಹಿಡಿಯುವ ಹೆಂಗಸರು, ಸಾಮಾನು ಹೊರುವ ಗಂಡಸರು ಎಲ್ಲರೂ "ಶಾಭಾಷ್ ಚಾಂಪಿಯನ್!" ಎನ್ನುತ್ತಿದ್ದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾದ ಗೌರವವೇ ಇತ್ತು. ಕೂಕಾ ಒಲೆ ಬಿಟ್ಟು ಬಂದು, ಎರಡೂ ಹೆಗಲು ಹಿಡಿದು, "ಸುತ್ತು ಮುಗೀತು ಕಣ್ರೀ, ಕೂತ್ಕೊಳ್ಳಿ," ಎಂದು ಕೂರಿಸುತ್ತಿದ್ದಳು. ಇದು ದಿನಾ ನಡೆಯುವ ಸಂಗತಿ.

ಇಂಥ ಮನೆಯ ಹುಡುಗನನ್ನು ಕೂಕಾ ಬಾಕ್ಸಿಂಗಿಗೆ ಕಳಿಸಿದ್ದೇ ದೊಡ್ಡ ವಿಷಯ. ಕಳಿಸದೆ ಇದ್ದರೆ ಕದ್ದು ಹೋಗುತ್ತಾನೆ, ಕದ್ದು ಹೋದವನು ಯಾವನ ಕೈಗೆ ಬೀಳುತ್ತಾನೋ ಎಂಬ ಭಯಕ್ಕೆ ತಾನೇ ಕೈಹಿಡಿದು ದೋನ್ ತಾಚೊನ ಹತ್ತಿರ ಬಿಟ್ಟುಬಂದಳು. ದೋನ್ ತಾಚೊ ಬೂಟು ರಿಪೇರಿ ಮಾಡುವವನು. ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಹಗ್ಗ ಕಟ್ಟಿ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದ. ಚೆಂಚೊನ ಎಷ್ಟೋ ಆಟಗಳಲ್ಲಿ ಮೂಲೆಯಲ್ಲಿ ನಿಂತು ನೀರು ಕುಡಿಸಿದವನೂ ಅವನೇ.

"ಇವನು ಆಡ್ಲಿ," ಎಂದಳು ಕೂಕಾ. "ಆದರೆ ಮನೆಗೆ ಬಂದಾಗ ಮುಖ ನೋಡ್ತೀನಿ. ಹೋದ ಹಾಗೇ ಬರಬೇಕು. ಇಲ್ದಿದ್ರೆ ನಿಮ್ಮ ಅಂಗಡಿಗೆ ಸೌಟು ಹಿಡ್ಕೊಂಡು ಬರ್ತೀನಿ."

"ಮುಖ ಹೋದ ಹಾಗೇ ಬರೋಕೆ ಬಾಕ್ಸಿಂಗ್ ಯಾಕಮ್ಮಾ, ಪಾದ್ರಿ ಮಾಡು," ಎಂದ ದೋನ್ ತಾಚೊ. ಆದರೂ ಹುಡುಗನನ್ನು ಇಟ್ಟುಕೊಂಡ. ಹಗಲು ಬೂಟಿಗೆ ಅಟ್ಟೆ ಹೊಡೆಯುವ ಕೆಲಸ, ಸಂಜೆ ಕೊಟ್ಟಿಗೆ.

ಕೊಟ್ಟಿಗೆಯಲ್ಲಿ ಮುದುಕ ಮೊದಲು ಮಾಡಿದ್ದೇನೆಂದರೆ, ತನ್ನ ಕರವಸ್ತ್ರವನ್ನು ನೆಲದ ಮೇಲೆ ಹಾಸಿದ. "ಇದರ ಮೇಲೆ ನಿಂತ್ಕೋ. ಕೈ ಹಿಂದೆ ಕಟ್ಕೋ." ಉಳಿದ ಹುಡುಗರಿಗೆ ಹೇಳಿದ, "ಬನ್ರೋ, ಇವನ ಮೂತಿಗೆ ಹೊಡೀರಿ." ಮೊದಲ ದಿನ ಎಲ್ಲರೂ ಹೊಡೆದರು. ಮೆತ್ತನೆಯ ಗ್ಲೌಸು ಹಾಕಿಸಿದ್ದರಿಂದ ಮುಖ ಉಳಿಯಿತು, ಮರ್ಯಾದೆ ಉಳಿಯಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಹತ್ತರಲ್ಲಿ ಒಂದು ಗುದ್ದು ತಗಲಿದರೆ ಹೆಚ್ಚು. ದೆಲ್ಫಿನೊ ಕರವಸ್ತ್ರ ಬಿಟ್ಟು ಕದಲುತ್ತಿರಲಿಲ್ಲ. ಸೊಂಟದಿಂದ ಮೇಲೆ ಮಾತ್ರ ಬಾಗುತ್ತಿದ್ದ, ಹೆಗಲು ತಿರುಗಿಸುತ್ತಿದ್ದ, ಗದ್ದವನ್ನು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸುತ್ತಿದ್ದ. ಹೊಡೆಯುವವರು ಗಾಳಿಗೆ ಹೊಡೆದು ಹೊಡೆದು ಸುಸ್ತಾಗಿ ಕೂರುತ್ತಿದ್ದರು.

"ಮುಷ್ಟಿ ನೋಡ್ಬೇಡ," ಎನ್ನುತ್ತಿದ್ದ ದೋನ್ ತಾಚೊ, ಬಾಯಲ್ಲಿ ಬೂಟಿನ ಮೊಳೆಗಳನ್ನು ಕಚ್ಚಿಕೊಂಡೇ. "ಮುಷ್ಟಿ ಸುಳ್ಳು ಹೇಳುತ್ತೆ. ಹೆಗಲು ನೋಡು, ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ. ಇನ್ನು ನಿನ್ನ ಕೈ ಗಿಡ್ಡ ಅಂತ ಅಳ್ತಾ ಕೂರ್ಬೇಡ. ಉದ್ದ ಕೈ ಅಂದ್ರೆ ದೂರದೂರಿನ ಬಸ್ಸು ಕಣೋ. ಹೋಗೋಕೂ ಹೊತ್ತು, ವಾಪಸ್ ಬರೋಕೂ ಹೊತ್ತು. ಅದು ಎಲ್ಲಿ ನಿಲ್ಲುತ್ತೋ ಅಲ್ಲಿ ನೀನು ನಿಂತಿರಬಾರದು, ಅಷ್ಟೇ. ಒಂದೋ ಅದಕ್ಕಿಂತ ಒಂದು ಗೇಣು ಆಚೆ ಇರು, ಇಲ್ಲಾ ಡ್ರೈವರ್ ಮಡಿಲಲ್ಲೇ ಹೋಗಿ ಕೂತ್ಕೋ."

ಹೀಗೆ ತಯಾರಾದ ದೆಲ್ಫಿನೊ ಆಟ ಗೆಲ್ಲುತ್ತಾ ಬಂದ. ಯಾರನ್ನೂ ಕೆಡವಲಿಲ್ಲ. ಎದುರಾಳಿ ಗುದ್ದಿದಾಗ ಅಲ್ಲಿರುತ್ತಿರಲಿಲ್ಲ, ಗುದ್ದು ಹಿಂತಿರುಗುವ ಮೊದಲು ಒಳನುಗ್ಗಿ ಪಕ್ಕೆಗೆ ಎರಡು ಬಿಟ್ಟು ಆಚೆ ಬರುತ್ತಿದ್ದ, ಕೊನೆಗೆ ಪಾಯಿಂಟು ಎಣಿಸಿ ರೆಫರಿ ಇವನ ಕೈ ಎತ್ತುತ್ತಿದ್ದ. ಜನ ಶಿಳ್ಳೆ ಹಾಕುತ್ತಿದ್ದರು. ನಮ್ಮಲ್ಲಿ ಬಾಕ್ಸಿಂಗಿಗೆ ಶಿಳ್ಳೆ ಹಾಕಿದರೆ ಮುಖಕ್ಕೆ ಉಗಿದ ಹಾಗೆ. ಇವನಿಗೆ ಸೋಪು ಎಂದು ಹೆಸರಿಟ್ಟರು, ಕೈಗೆ ಸಿಗದೆ ಜಾರುತ್ತಾನೆ ಎಂದು. ಕಂಬದ ಹೊಟ್ಟೆಯಲ್ಲಿ ಸೋಪು ಹುಟ್ಟಿತಲ್ಲಪ್ಪಾ ಎಂದು ಪುಲ್ಕೆ ಹೆಂಡದ ಅಂಗಡಿಯಲ್ಲಿ ಕುಡಿಯುತ್ತಾ ನಗುತ್ತಿದ್ದರು. ಗೆದ್ದ ಮೇಲೆ ರಿಂಗಿನಲ್ಲಿ ದೆಲ್ಫಿನೊ ಒಂದು ಗಳಿಗೆ ಹೆಚ್ಚೇ ನಿಂತು ನೆಲ ನೋಡುತ್ತಿದ್ದ. ಒಂದು ಕಾಸೂ ಬಿದ್ದಿರುತ್ತಿರಲಿಲ್ಲ. ಅವನಿಗೆ ಆಸೆ ಎಂದರೆ ಅದೊಂದೇ ಆಸೆ. ದುಡ್ಡಿಗಾಗಿ ಅಲ್ಲ, ಅಟ್ಟೆ ಹೊಡೆದು ಅವನು ಚೆನ್ನಾಗಿಯೇ ಸಂಪಾದಿಸುತ್ತಿದ್ದ. ಅಪ್ಪನಿಗೆ ಸುರಿದ ಹಾಗೆ ತನಗೂ ಒಮ್ಮೆ ಸುರಿಯಬೇಕು, ತೆಪಿತೊ ತನ್ನನ್ನೂ ತನ್ನವನು ಎನ್ನಬೇಕು, ಅಷ್ಟೇ.

ಅವನಿಗೆ ಇಪ್ಪತ್ಮೂರು ತುಂಬಿದ ವರ್ಷ ಒಂದು ದೊಡ್ಡ ಆಟ ನಿಗದಿಯಾಯಿತು. ಗೆದ್ದವನಿಗೆ ದೇಶದ ಪಟ್ಟಕ್ಕೆ ಆಡುವ ಅವಕಾಶ. ಎದುರಾಳಿ ಸಿನಲೋವಾ ಕಡೆಯ ರೊಸೆಂದೊ, ಎಲ್ಲರೂ ಏಣಿ ಎಂದು ಕರೆಯುತ್ತಿದ್ದರು. ದೆಲ್ಫಿನೊಗಿಂತ ಒಂದು ತಲೆ ಎತ್ತರ, ಚಾಚಿದರೆ ಕೈ ಒಂದೂವರೆ ಗೇಣು ಉದ್ದ. ತೂಕದ ಯಂತ್ರವೊಂದೇ ಇಬ್ಬರೂ ಸಮ ಎಂದು ಹೇಳುತ್ತಿತ್ತು, ಕಣ್ಣಿದ್ದವರು ಯಾರೂ ಹೇಳುತ್ತಿರಲಿಲ್ಲ. ಅವನ ಬಲಗೈ ಗುದ್ದು ತಿಂದವರು ಎದ್ದು ನಿಲ್ಲುವುದಕ್ಕೆ ಮೊದಲೇ ಜನ ಮನೆಗೆ ಹೊರಡುತ್ತಿದ್ದರಂತೆ.

ಆಟಕ್ಕೆ ಎರಡು ದಿನ ಇರುವಾಗ, ಬೆಳಿಗ್ಗೆ, ಕೂಕಾಳ ಮಿಗಾಸ್ ಒಲೆಯ ಸುತ್ತ ಎಂದಿನಂತೆ ಜನ ಬಟ್ಟಲು ಹಿಡಿದು ನಿಂತಿದ್ದರು. ಹಂದಿಯ ಮೂಳೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುದಿಸಿದ ಸಾರಿಗೆ ಹಳೆಯ ಬ್ರೆಡ್ಡು ಮುರಿದು ಹಾಕುತ್ತಿದ್ದಳು, ಆ ವಾಸನೆಗೆ ಓಣಿ ಎಲ್ಲ ಏಳುತ್ತಿತ್ತು. ಹಳೇ ಕಬ್ಬಿಣದ ವ್ಯಾಪಾರಿ ಫಿಲೆಮೋನ್ ದಿನಾ ಮೊದಲ ಗಿರಾಕಿ. ಮೂಳೆಯ ಒಳಗಿನ ಸಾರ ಚೀಪುತ್ತಾ ಅವನು ಶುರುಮಾಡಿದ.

"ಏನಪ್ಪಾ ಸೋಪು, ಶನಿವಾರ ಇರೋದು ಬಾಕ್ಸಿಂಗಾ, ಓಟದ ಪಂದ್ಯಾನಾ? ನಾನು ಟಿಕೆಟ್ ತಗೊಂಡಿದೀನಿ, ಮೊದಲೇ ಹೇಳಿಬಿಡು."

"ಗೆಲ್ಲೋ ಪಂದ್ಯ," ಎಂದ ದೆಲ್ಫಿನೊ.

"ಗೆಲ್ಲೋದು ಯಾವನಿಗೆ ಬೇಕೋ? ನಿಮ್ಮಪ್ಪ ಸೋತ ದಿನಾನೂ ನಾನು ಜೇಬು ಖಾಲಿ ಮಾಡ್ಕೊಂಡು ಮನೆಗೆ ಹೋಗಿದೀನಿ, ಹೆಂಡ್ತಿ ಹತ್ರ ಬೈಸ್ಕೊಂಡಿದೀನಿ. ನೋಡಲ್ಲಿ, ಸಿಂಹ ಕೂತ ಹಾಗೆ ಕೂತಿದಾರೆ!" ಫಿಲೆಮೋನ್ ಮೂಳೆಯನ್ನು ಚೆಂಚೊನ ಕಡೆ ತೋರಿಸಿದ. ಚೆಂಚೊನ ಗದ್ದದ ಮೇಲೆ ಸಾರು ಇಳಿಯುತ್ತಿತ್ತು. "ಅವರ ರಕ್ತ ನಿನ್ನ ಮೈಯಲ್ಲಿ ಇದ್ದಿದ್ರೆ ಒಂದ್ಸಲ ಆದ್ರೂ ನಿಂತು ತೋರಿಸ್ತಿದ್ದೆ."

ಸುತ್ತ ನಿಂತವರು ನಕ್ಕರು. ದೆಲ್ಫಿನೊಗೆ ಮೈಯೆಲ್ಲ ಉರಿದುಹೋಯಿತು. "ನಿಂತ್ಕೋತೀನಿ!" ಎಂದುಬಿಟ್ಟ. "ಕೊನೇ ಸುತ್ತಲ್ಲಿ ನಡುವೆ ಹೋಗಿ ನೆಟ್ಕೊಂಡು ನಿಂತ್ಕೋತೀನಿ. ಜೇಬಲ್ಲಿ ಕಾಸು ತುಂಬ್ಕೊಂಡು ಬಾ, ನೋಡೇಬಿಡೋಣ."

"ಹಾಗೆ ಬಾ ದಾರಿಗೆ!" ಎಂದು ಫಿಲೆಮೋನ್ ಅವನ ಬೆನ್ನು ತಟ್ಟಿದ. ಎಲ್ಲರೂ ಹೋ ಎಂದರು. ದೆಲ್ಫಿನೊಗೆ ಆ ಕೂಗು ಎಷ್ಟು ಹಿತವಾಯಿತೆಂದರೆ, ತಾಯಿಯ ಸೌಟು ಪಾತ್ರೆಯಲ್ಲೇ ನಿಂತಿದ್ದನ್ನು ನೋಡಿದ್ದು ಆಮೇಲೆ.

ಗಿರಾಕಿಗಳು ಹೋದ ಮೇಲೆ ಕೂಕಾ ಕೇಳಿದಳು, "ನಿಜ ಹೇಳಿದ್ಯೋ, ಬಾಯಿಗೆ ಬಂದದ್ದೋ?"

"ನಿಜ ಕಣಮ್ಮ. ಒಂದೇ ಸುತ್ತು. ಒಂದು ಸುತ್ತಿಗೆ ಏನೂ ಆಗಲ್ಲ."

"ನಿಮ್ಮಪ್ಪಾನೂ ಹಾಗೇ ಅಂತಿದ್ರು. ಒಂದು ಸುತ್ತು, ಇನ್ನೊಂದು ಸುತ್ತು." ಅವಳು ದನಿ ಏರಿಸಲಿಲ್ಲ. "ಆಯ್ತು. ನೀನು ದೊಡ್ಡವನಾಗಿದೀಯ. ಹಾಗಾದ್ರೆ ಇನ್ನೊಂದು ಕುರ್ಚಿ ತಂದಿಡ್ತೀನಿ."

ಅವಳು ಮಾತಿಗೆ ಹೇಳಿದಳು ಎಂದುಕೊಂಡ ದೆಲ್ಫಿನೊ. ಶನಿವಾರ ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ ತೊಟ್ಟಿಯ ಪಕ್ಕ ಅಪ್ಪನ ಕುರ್ಚಿಗೆ ತಗಲಿಕೊಂಡು ಇನ್ನೊಂದು ಕುರ್ಚಿ ಇತ್ತು. ಹೊಸದು, ಹುಲ್ಲಿನ ಹೆಣಿಗೆಯದು, ಇನ್ನೂ ಯಾರೂ ಕೂತಿರಲಿಲ್ಲ. ಕಸದ ಗಾಡಿಯ ಗಂಟೆ ಹೊಡೆಯಿತು, ಚೆಂಚೊ ಎದ್ದು ಮುಷ್ಟಿ ಕಟ್ಟಿದ, ಕೂಕಾ ಬಂದು ಕೂರಿಸಿದಳು. ಹೋಗುವಾಗ ಹೊಸ ಕುರ್ಚಿಯ ಮೇಲಿನ ಧೂಳನ್ನೂ ಮಸಿಬಟ್ಟೆಯಲ್ಲಿ ಒರೆಸಿ ಹೋದಳು. ದೆಲ್ಫಿನೊಗೆ ತಾಯಿಯ ಮೇಲೆ ಎಂದೂ ಬಾರದ ಸಿಟ್ಟು ಬಂತು. ತಿಂಡಿ ತಿನ್ನದೆ ಹೊರಟುಹೋದ.

ಸಂಜೆ ಅಖಾಡ ಕಿಕ್ಕಿರಿದಿತ್ತು. ಮೇಲಿನ ಅಟ್ಟಣಿಗೆಯಲ್ಲಿ ಅಗ್ಗದ ಟಿಕೆಟ್ಟಿನವರು ಕಂಬಿಗೆ ಜೋತುಬಿದ್ದು ನಿಂತಿದ್ದರು. ಕೆಳಗೆ ಮೂರನೇ ಸಾಲಿನಲ್ಲಿ ಫಿಲೆಮೋನ್ ತನ್ನ ಪರಿವಾರದೊಂದಿಗೆ ಕೂತು, ಜೇಬು ಝಣಝಣ ಅನ್ನಿಸಿ ತೋರಿಸಿದ.

ಮೊದಲೆರಡು ಸುತ್ತು ಏಣಿಯದೇ. ಅವನ ಎಡಗೈ ಎಲ್ಲಿಂದಲೋ ಬಂದು ದೆಲ್ಫಿನೊನ ಹಣೆ ಮುಟ್ಟುತ್ತಿತ್ತು, ಇವನು ಹೊಡೆಯಲು ಹೋದರೆ ಅರ್ಧ ದಾರಿಯಲ್ಲೇ ಕೈ ಮುಗಿದುಹೋಗುತ್ತಿತ್ತು. ಮೂಲೆಗೆ ಬಂದು ಕೂತವನ ಮುಖಕ್ಕೆ ದೋನ್ ತಾಚೊ ನೀರೆರಚಿದ. "ಮಧ್ಯದ ಸ್ಟಾಪಲ್ಲಿ ನಿಂತಿದೀಯಲ್ಲೋ ಕತ್ತೆ! ಅವನ ಎಡಗಡೆಗೇ ಸುತ್ತು, ಬಲಗೈ ಇರೋ ಕಡೆ ತಲೆ ಹಾಕ್ಬೇಡ. ಉದ್ದ ಕಾಲಿನವನು, ತಿರುಗೋಕೆ ಹೊತ್ತು ಬೇಕು. ತಿರುಗಿಸ್ತಾನೇ ಇರು. ಅವನು ಬಗ್ಗಲಿ. ಏಣಿ ಬಗ್ಗೋಕೆ ಮಾಡಿದ್ದಲ್ಲ."

ಮೂರನೆಯದರಿಂದ ಆಟ ತಿರುಗಿತು. ದೆಲ್ಫಿನೊ ಮೊಣಕಾಲು ಮಡಿಸಿ ಇನ್ನೂ ಕುಳ್ಳಗಾದ. ಏಣಿ ಹೊಡೆಯಬೇಕೆಂದರೆ ಕೆಳಕ್ಕೆ ಹೊಡೆಯಬೇಕು, ಕೆಳಕ್ಕೆ ಹೊಡೆಯುವವನ ಹೆಗಲು ಮೊದಲು ಇಳಿಯುತ್ತದೆ. ಹೆಗಲು ಇಳಿದದ್ದು ಕಂಡ ಕೂಡಲೇ ದೆಲ್ಫಿನೊ ಗುದ್ದಿನ ಹೊರಮಗ್ಗುಲಿಗೆ ತಲೆ ಜಾರಿಸಿ, ಒಂದು ಹೆಜ್ಜೆ ಒಳಗಿಟ್ಟು, ಪಕ್ಕೆಗೆ ಎರಡು ಬಿಟ್ಟು, ಅವನು ತಿರುಗುವಷ್ಟರಲ್ಲಿ ಬೆನ್ನ ಕಡೆಗೆ ಹೋಗಿರುತ್ತಿದ್ದ. ಹೊಡೆಯುವ ಹಾಗೆ ಹೆಗಲು ಅಲುಗಿಸಿ ಹೊಡೆಯದೆ ಬಿಡುತ್ತಿದ್ದ, ಏಣಿ ಬೆಚ್ಚಿ ಗಾಳಿಗೆ ಗುದ್ದುತ್ತಿದ್ದ. ತಗಲಿದ ಗುದ್ದಿಗಿಂತ ತಗಲದ ಗುದ್ದು ಹೆಚ್ಚು ಸುಸ್ತು ಮಾಡುತ್ತದೆ, ಆಡಿದವರಿಗೆ ಗೊತ್ತು. ಏಳನೇ ಸುತ್ತಿನ ಹೊತ್ತಿಗೆ ಏಣಿ ಬಾಯಿ ತೆರೆದು ಉಸಿರಾಡುತ್ತಿದ್ದ. ಅವನ ಪಕ್ಕೆ ಎರಡೂ ಕಡೆ ಕೆಂಪಗಾಗಿತ್ತು.

ನಿಜವಾಗಿ ಹೇಳುತ್ತೇನೆ, ಅಷ್ಟು ಚಂದದ ಕೆಲಸವನ್ನು ಆ ರಿಂಗಿನಲ್ಲಿ ಆಮೇಲೆ ನಾವು ಕಂಡಿಲ್ಲ. ಆದರೆ ಅವತ್ತು ಅಖಾಡಕ್ಕೆ ಅಖಾಡವೇ ಶಿಳ್ಳೆ ಹಾಕಿತು. ಕಿತ್ತಲೆ ಸಿಪ್ಪೆ ಬಂದು ಬಿತ್ತು. "ನಿಲ್ಲೋ!" ಎಂದು ಫಿಲೆಮೋನ್ ಗಂಟಲು ಹರಿದುಕೊಂಡ. "ಹೇಳಿದ್ದು ಮರೆತ್ಯಾ? ಕಂಬದ ಮಗನೇನೋ ನೀನು, ಇಲ್ಲಾ ಬೀದೀಲಿ ಸಿಕ್ಕಿದ್ಯೋ?"

ಕೊನೆಯ ಸುತ್ತಿಗೆ ಮುಂಚೆ ದೋನ್ ತಾಚೊ ಹೇಳಿದ, "ಪಾಯಿಂಟಲ್ಲಿ ನೀನೇ ಮುಂದಿದೀಯ. ಹೋಗಿ ಮೂರು ನಿಮಿಷ ಸುತ್ತಿ ಬಾ, ಮನೆಗೆ ಹೋಗೋಣ."

"ನಿಂತ್ಕೋತೀನಿ ದೋನ್ ತಾಚೊ. ಮಾತು ಕೊಟ್ಟಿದೀನಿ."

"ಯಾರಿಗೋ ಮಾತು ಕೊಟ್ಟಿದ್ದು? ಮೂಳೆ ಚೀಪೋನಿಗಾ?"

ಗಂಟೆ ಹೊಡೆಯಿತು. ದೆಲ್ಫಿನೊ ನೇರವಾಗಿ ರಿಂಗಿನ ನಡುವೆ ಹೋಗಿ ಕಾಲಗಲಿಸಿ ನಿಂತ. ಏಣಿ ತನ್ನ ಭಾಗ್ಯವನ್ನು ನಂಬಲಾರದೆ ಒಂದು ಕ್ಷಣ ನೋಡಿದ, ಆಮೇಲೆ ಹೊಡೆದ. ಇವನೂ ಹೊಡೆದ. ಅವನು ಹೊಡೆದ. ಜನ ಎದ್ದು ನಿಂತರು, ಮಾಡು ಹಾರಿಹೋಗುವಂಥ ಗದ್ದಲ. ಆ ಗದ್ದಲ ತನ್ನದು, ಇಷ್ಟು ವರ್ಷ ಕಾದದ್ದು ಇದಕ್ಕೇ ಎಂದು ದೆಲ್ಫಿನೊನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಏಣಿಯ ಬಲಗೈ ಬಂದು ಕಪಾಳಕ್ಕೆ ಕೂತಿತು.

ನೋವಾಗಲಿಲ್ಲ. ಕಿವಿಯಲ್ಲಿ ಗಂಟೆ ಶುರುವಾಯಿತು, ಓಣಿಯ ತಿರುವಿನಿಂದ ಬರುವ ಕಸದ ಗಾಡಿಯ ಗಂಟೆಯೇ ಅದು. ಮೈ ತಾನಾಗಿ ಮುಷ್ಟಿ ಎತ್ತಿಕೊಂಡು ನೆಟ್ಟಗಾಯಿತು. ಅಪ್ಪ ಏಳುವುದು ಹೀಗೇ, ಇದೇ ಸದ್ದಿಗೆ ಎಂದು ಅವನಿಗೆ ಹೊಳೆಯಿತು. ತೊಟ್ಟಿಯ ಪಕ್ಕದ ಆ ಹುಲ್ಲಿನ ಕುರ್ಚಿ ಕಣ್ಣೆದುರು ಬಂತು, ತಾಯಿ ಅದರ ಧೂಳು ಒರೆಸಿದ್ದೂ ಬಂತು. ಹೆದರಿಕೆ ಎಂದರೆ ಏನೆಂದು ದೆಲ್ಫಿನೊಗೆ ಗೊತ್ತಾದದ್ದು ಆಗ. ಏಣಿಯ ಹೆಗಲು ಮತ್ತೆ ಇಳಿಯಿತು. ಈ ಸಲ ಗುದ್ದು ಬಂದಾಗ ದೆಲ್ಫಿನೊ ಅಲ್ಲಿರಲಿಲ್ಲ.

ಉಳಿದ ಹೊತ್ತೆಲ್ಲ ಅವನು ಸುತ್ತಿದ. ಹೋ ಎಂಬ ಕೂಗು ಶಿಳ್ಳೆಯಾಯಿತು, ಶಿಳ್ಳೆ ಬೈಗುಳವಾಯಿತು. ಆಟ ಮುಗಿದಾಗ ಏಣಿ ಇವನ ಹೆಗಲಿನ ಮೇಲೆ ಭಾರ ಹಾಕಿ ನಿಂತುಕೊಂಡು, "ಇಷ್ಟೊತ್ತು ಎಲ್ಲಿದ್ದೆಯೋ ಮಾರಾಯ? ನಾನು ಊರೆಲ್ಲ ಹುಡುಕಿದೆ," ಎಂದ. ರೆಫರಿ ದೆಲ್ಫಿನೊನ ಗಿಡ್ಡ ಕೈಯನ್ನು ಎತ್ತಿ ಹಿಡಿದ.

ಕಾಗದದ ಲೋಟ, ಸಿಪ್ಪೆ, ಕಡಲೆಕಾಯಿ ಹೊಟ್ಟು ಬಂದು ಬಿದ್ದವು. ಆಮೇಲೆ ಮೇಲಿನ ಅಟ್ಟಣಿಗೆಯಿಂದ ಒಂದು ಇಪ್ಪತ್ತು ಸೆಂತಾವೊ ತಾಮ್ರದ ಕಾಸು ಬಿತ್ತು. ಒಂದೇ ಒಂದು. ಟಣ್ ಎಂದು ಪುಟಿದು, ಉರುಳುತ್ತಾ ಬಂದು ಅವನ ಬೂಟಿನ ಹತ್ತಿರ ಮಲಗಿತು. ಮುಂದಿನ ಸಾಲಿನವರು ಘೊಳ್ಳೆಂದು ನಕ್ಕರು. ಭಿಕ್ಷೆಯವನಿಗೆ ಹಾಕಿದ ಹಾಗೆ ಯಾವನೋ ಗೇಲಿ ಮಾಡಿ ಎಸೆದಿದ್ದಾನೆ ಎಂದು ದೆಲ್ಫಿನೊನ ಕಿವಿಯ ತುದಿಯವರೆಗೂ ಅವಮಾನ ಏರಿತು. ಬೂಟಿನ ತುದಿಯಲ್ಲಿ ಅದನ್ನು ಒದ್ದ. ಕಾಸು ಹಗ್ಗದ ಕೆಳಗೆ ಜಾರಿ ಕತ್ತಲೆಗೆ ಬಿತ್ತು.

ಅವತ್ತು ಅವನು ಮನೆಗೆ ಹೋಗಲಿಲ್ಲ. ದೋನ್ ತಾಚೊನ ಕೊಟ್ಟಿಗೆಯಲ್ಲೇ ಮಲಗುತ್ತೇನೆಂದ. ಮುದುಕ ಕಂದೀಲು ತಂದು ಅವನ ಕಣ್ಣು ನೋಡಿ, ಮೂಗಿಗೆ ಬೆರಳು ಮುಟ್ಟಿಸಿ ನೋಡಿ, ಸಮಾಧಾನವಾದ ಮೇಲೆ ಹೇಳಿದ, "ದೇಶದ ಪಟ್ಟಕ್ಕೆ ಆಡ್ತೀಯಲ್ಲೋ, ನಗಬಾರದಾ?"

"ನಿಂತಾಗ ಎಷ್ಟು ಚೆನ್ನಾಗಿತ್ತು ಗೊತ್ತಾ," ಎಂದ ದೆಲ್ಫಿನೊ. "ಎಲ್ಲಾ ನನ್ನ ಹೆಸರು ಕೂಗ್ತಿದ್ರು. ಹೆದರಿ ಓಡಿದೆ."

"ಹೆದರೋಕೆ ತಲೆ ಸರಿ ಇರಬೇಕು," ಎಂದು ದೋನ್ ತಾಚೊ ದೀಪ ಆರಿಸಿದ.

ಬೆಳಗಾದ ಮೇಲೆ ಹೋಗದೆ ವಿಧಿಯಿರಲಿಲ್ಲ. ವಠಾರದ ಬಾಗಿಲು ದಾಟಿದರೆ ಒಲೆಯ ಸುತ್ತ ಎಂದಿನ ಜನ, ಎಂದಿನ ವಾಸನೆ. ಇವನನ್ನು ಕಂಡ ಕೂಡಲೇ ಎಲ್ಲರೂ ಬಟ್ಟಲಿಗೆ ಮುಖ ಹಾಕಿದರು. ದೆಲ್ಫಿನೊ ಮೊದಲು ನೋಡಿದ್ದು ತೊಟ್ಟಿಯ ಕಡೆಗೆ. ಅಲ್ಲಿ ಅಪ್ಪನ ಕುರ್ಚಿ ಒಂದೇ ಇತ್ತು. ಹೊಸ ಕುರ್ಚಿ ಒಲೆಯ ಹತ್ತಿರ ಬಂದಿತ್ತು, ಅದರ ಮೇಲೆ ಫಿಲೆಮೋನ್ ಕಾಲು ಚಾಚಿ ಕೂತು ತಿನ್ನುತ್ತಿದ್ದ.

"ಬಂದ ನೋಡಪ್ಪಾ ಮಾತಿನ ಮಲ್ಲ!" ಎಂದ ಅವನು. "ಕಾಸು ತುಂಬ್ಕೊಂಡು ಬಾ ಅಂದ, ಜೇಬು ಹರಿಯೋಷ್ಟು ತಂದೆ. ಎಲ್ಲಾ ವಾಪಸ್ ಹೊತ್ಕೊಂಡು ಬಂದು ಸೊಂಟ ಹಿಡ್ಕೊಂಡಿದೆ."

ಕೂಕಾ ಸೌಟು ಇಟ್ಟು, ಕೈ ಒರೆಸಿಕೊಂಡು ಬಂದಳು. ಮಗನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು, ಆ ಕಡೆ, ಈ ಕಡೆ. ಕಪಾಳ ಒಂದು ಕಡೆ ಊದಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು.

"ಇದೊಂದೇನಾ?"

"ಒಂದೇ. ನಡುವೆ ಹೋಗಿ ನಿಂತ್ಕೊಂಡೆ, ಆಗ..."

"ಗೊತ್ತು. ನೋಡಿದೆ."

"ನೋಡಿದೆ ಅಂದ್ರೆ?"

"ನೋಡಿದೆ ಅಂದ್ರೆ ನೋಡಿದೆ. ಕಣ್ಣಿಲ್ವಾ ನಂಗೆ? ನಿಮ್ಮಪ್ಪನ್ನ ಪಕ್ಕದ ಮನೆ ಚಾಬೆಲಾ ಹತ್ರ ಬಿಟ್ಟು ಬಂದಿದ್ದೆ. ಅಟ್ಟಣಿಗೇಲಿ ಕಂಬಿ ಹಿಡ್ಕೊಂಡು, ಶಾಲು ತಲೆಗೆ ಹೊದ್ಕೊಂಡು ನಿಂತಿದ್ದೆ. ನೀನು ನಿಂತ್ಕೊಂಡ್ಯಲ್ಲ, ಆಗ ಒಂದ್ಸಲ ಕಣ್ಣು ಮುಚ್ಕೊಂಡೆ. ತೆಗೆದಾಗ ನೀನು ಅಲ್ಲಿರಲಿಲ್ಲ. ಅಬ್ಬಾ, ಆ ಏಣಿ ಗಾಳೀಗೆ ಗುದ್ದಿದ್ದು ನೋಡಿ ಜೋರಾಗಿ ನಕ್ಕುಬಿಟ್ಟೆ ಕಣೋ, ಪಕ್ಕದವನು ನಂಗೆ ಹುಚ್ಚು ಅಂದ್ಕೊಂಡ." ಅವಳು ಗದ್ದ ಬಿಟ್ಟಳು. "ಅದಿರಲಿ. ನಾನು ಎಸೆದ ಕಾಸು ಯಾಕೋ ಎತ್ಕೊಳ್ಲಿಲ್ಲ?"

ಫಿಲೆಮೋನ್ ಮೂಳೆ ಚೀಪುವುದನ್ನು ನಿಲ್ಲಿಸಿದ.

"ಅದು... ನೀನಾ?" ಎಂದ ದೆಲ್ಫಿನೊ. "ಯಾರೋ ಗೇಲಿ ಮಾಡಿದ್ರು ಅಂದ್ಕೊಂಡೆ."

"ಗೇಲಿ ಮಾಡೋರು ದುಡ್ಡು ಕೊಟ್ಟು ಮಾಡ್ತಾರೇನೋ, ದಡ್ಡ? ಗೇಲಿ ಮಾಡೋರು ಸಿಪ್ಪೆ ಎಸೀತಾರೆ, ಇವರ ಹಾಗೆ." ಅವಳ ಬೆರಳು ಫಿಲೆಮೋನ್ ಕಡೆ ತಿರುಗಿತು. "ಇವನ ಅಪ್ಪನಿಗೆ ನೀವೆಲ್ಲ ಎಸೆದಿದ್ದನ್ನ ನಾನೇ ಶಾಲಲ್ಲಿ ತುಂಬ್ಕೊಂಡು ಬಂದೆ. ಒಂದೊಂದು ಕಾಸಿಗೂ ಅವರು ಒಂದೊಂದು ಮಾತು ಮರೆತರು. ಅದಾದ ಮೇಲೆ ನಾನು ಅಖಾಡದ ಬಾಗಿಲು ಕಂಡಿರಲಿಲ್ಲ. ನಿನ್ನೆ ಬಂದೆ. ಇಷ್ಟು ವರ್ಷಕ್ಕೆ ಕಾಸು ಹಾಕೋ ಹಾಗೆ ಒಂದು ಆಟ ಕಂಡೆ, ಹಾಕಿದೆ. ನನ್ನ ಮಗ ಅದನ್ನ ಒದ್ದ!"

"ದೋನ್ಯಾ ಕೂಕಾ, ನಮಗೇನು ಗೊತ್ತು..." ಎಂದು ಫಿಲೆಮೋನ್ ಕುರ್ಚಿಯಿಂದ ಏಳಲು ಹೋದ, ಕೈ ಜೇಬಿನ ಕಡೆ ಹೋಯಿತು.

"ಕೂತ್ಕೊಳ್ಳಯ್ಯಾ ಸುಮ್ನೆ. ಆ ಕುರ್ಚಿ ಇನ್ಮೇಲೆ ಗಿರಾಕಿಗಳಿಗೆ. ನಿನ್ನ ಕಾಸೂ ನಿನ್ನ ಹತ್ರಾನೇ ಇರಲಿ."

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಕಸದ ಗಾಡಿಯ ಗಂಟೆ ಹೊಡೆಯಿತು. ಚೆಂಚೊ ಎದ್ದ, ಮುಷ್ಟಿ ಕಟ್ಟಿದ. ಶಾಭಾಷ್ ಎನ್ನಬೇಕಾದವರು ಯಾರೂ ಬಾಯಿ ತೆರೆಯಲಿಲ್ಲ. ಕೂಕಾಳ ಬದಲು ದೆಲ್ಫಿನೊ ಹೋದ. ಎದುರು ನಿಂತ ಮಗನನ್ನು ಅಂದು ಯಾರೆಂದು ತಿಳಿದನೋ ಏನೋ, ಚೆಂಚೊ ಬಲಗೈ ಬೀಸಿದ. ನಿಧಾನವಾದ ಗುದ್ದು, ಹೆಗಲು ಎಷ್ಟೋ ಮೊದಲೇ ಇಳಿದಿತ್ತು. ದೆಲ್ಫಿನೊ ತಲೆಯನ್ನು ಒಂದು ಬೆರಳಿನಷ್ಟು ಸರಿಸಿದ, ಗುದ್ದು ಕಿವಿಯ ಪಕ್ಕದಲ್ಲಿ ಹೋಯಿತು. ಆ ಕೈಯನ್ನು ಹಾಗೇ ತನ್ನ ಕುತ್ತಿಗೆಗೆ ಸುತ್ತಿಕೊಂಡು, "ಸುತ್ತು ಮುಗೀತಪ್ಪ," ಎಂದು ಅವನನ್ನು ಕೂರಿಸಿದ. ಬಿಚ್ಚಿಹೋಗಿದ್ದ ಅಂಗಿಯ ಗುಂಡಿ ಹಾಕಿದ.

ಹಿಂದೆ ಟಣ್ ಎಂದು ಸದ್ದಾಯಿತು. ತಾಯಿ ತನ್ನ ಏಪ್ರನ್ನಿನ ಜೇಬಿನಿಂದ ಇನ್ನೊಂದು ಇಪ್ಪತ್ತು ಸೆಂತಾವೊ ತೆಗೆದು ಅಂಗಳದ ಕಲ್ಲಿನ ಮೇಲೆ ಎಸೆದಿದ್ದಳು. ಅದು ಉರುಳಿ ಬಂದು ಅವನ ಕಾಲ ಹತ್ತಿರ ನಿಂತಿತು.

"ಈಗಾದ್ರೂ ಎತ್ಕೋ," ಎಂದಳು. "ದುಡ್ಡೇನು ಮರದಲ್ಲಿ ಬಿ‌ಡಲ್ಲ."

ದೆಲ್ಫಿನೊ ಬಗ್ಗಿ ಎತ್ತಿಕೊಂಡ. ಅಳುತ್ತಿದ್ದದ್ದರಿಂದ ತಲೆ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು.

ದೇಶದ ಪಟ್ಟ ಅವನಿಗೆ ಸಿಗಲಿಲ್ಲ, ಕೂದಲೆಳೆಯಲ್ಲಿ ಪಾಯಿಂಟು ತಪ್ಪಿತು. ಆಮೇಲೂ ಕೆಲವು ವರ್ಷ ಆಡಿದ, ಶಿಳ್ಳೆ ಹಾಕಿಸಿಕೊಂಡ, ಬಿಟ್ಟ. ರಿಂಗಿನಲ್ಲಿ ಅವನಿಗೆ ಇನ್ಯಾರೂ ಕಾಸು ಎಸೆಯಲಿಲ್ಲ. ಈಗ ಎಪ್ಪತ್ತು ದಾಟಿದೆ, ದೋನ್ ತಾಚೊನ ಅಂಗಡಿಯಲ್ಲಿ ಕೂತು ಬೂಟಿಗೆ ಅಟ್ಟೆ ಹೊಡೆಯುತ್ತಾನೆ. ಸೂಜಿಗೆ ದಾರ ತಾನೇ ಪೋಣಿಸುತ್ತಾನೆ. ಬೆಳಿಗ್ಗೆ ಎದ್ದು, ತೋಳು ಕತ್ತರಿಸಿ ಹೊಲಿದ ಅಂಗಿ ತೊಟ್ಟು, ಗುಂಡಿ ತಾನೇ ಹಾಕಿಕೊಳ್ಳುತ್ತಾನೆ.